ಬೆಂಗಳೂರಿಗೆ ಓದೋಕೆ ಬಂದವರಿಗೆ: ಅಕೌಂಟು, ಯುಪಿಐ, ಸ್ಕಾಲರ್‌ಶಿಪ್, ಸಾಲ – ಯಾವುದು ಮೊದಲು, ಯಾವುದು ಆಮೇಲೆ

ದರ್ಶಿನಿಯಲ್ಲಿ ಇಡ್ಲಿ ತಿಂದರೂ ಸ್ಕ್ಯಾನ್, ಜೆರಾಕ್ಸ್ ಮಾಡಿಸಿದರೂ ಸ್ಕ್ಯಾನ್, ಪಿಜಿ ಬಾಡಿಗೆಗೂ ಸ್ಕ್ಯಾನ್. ಜ್ಞಾನಭಾರತಿಗೋ ಸೆಂಟ್ರಲ್ ಕಾಲೇಜಿಗೋ ಸೇರಲು ಊರಿಂದ ಬಂದ ಹುಡುಗ ಹುಡುಗಿಯರು ಇದಕ್ಕೆ ಬೇಗ ಹೊಂದಿಕೊಂಡುಬಿಡುತ್ತಾರೆ. ಯುಪಿಐ ಶುರುವಾಗಿದ್ದು 2016ರಲ್ಲಿ. ಈಗ ಡಿಗ್ರಿ ಓದುತ್ತಿರುವವರು ಅದರ ಜೊತೆಯಲ್ಲೇ ಬೆಳೆದವರು.

ಆದರೆ ದುಡ್ಡು ಕಳಿಸೋಕೆ ಬಂದ ಮಾತ್ರಕ್ಕೆ, ಬೇಕಾದಾಗ ದುಡ್ಡು ಸಿಗುತ್ತದೆ ಅಂತೇನೂ ಇಲ್ಲ. ದಿನಾ ಹತ್ತು ಸಲ ಸ್ಕ್ಯಾನ್ ಮಾಡುವ ವಿದ್ಯಾರ್ಥಿಯ ಅಕೌಂಟಿಗೆ ಸ್ಕಾಲರ್‌ಶಿಪ್ ಬಿದ್ದಿರುವುದಿಲ್ಲ. ಎಜುಕೇಶನ್ ಲೋನ್ ಯಾರ ಹತ್ತಿರ ಕೇಳಬೇಕು ಅಂತ ಗೊತ್ತಿರುವುದಿಲ್ಲ. ಎಕ್ಸಾಮ್ ಫೀಸಿಗೆ ಕೊನೆ ದಿನ ಬಂದಾಗ ಕೈ ಯಾವುದೋ ಲೋನ್ ಆ್ಯಪ್ ಕಡೆ ಹೋಗುತ್ತದೆ. ಇದನ್ನು ನೋಡಿದಾಗ ನಿಜಕ್ಕೂ ಸಂಕಟವಾಗುತ್ತದೆ. ಯಾಕಂದರೆ ಇದರಲ್ಲಿ ಬಹುಪಾಲು ತಪ್ಪಿಸಬಹುದಾದದ್ದು. ಎಲ್ಲರೂ ಆ್ಯಪ್‌ನಿಂದ ಶುರು ಮಾಡುತ್ತಾರೆ. ಶುರು ಮಾಡಬೇಕಾದ್ದು ಅಕೌಂಟಿನಿಂದ.

1. ಊರಿನ ಪಾಸ್‌ಬುಕ್ ತೆಗೆದು ನೋಡಿ

ಬಹಳ ಜನರಿಗೆ ಹೈಸ್ಕೂಲಿನಲ್ಲೇ ಊರಿನ ಬ್ಯಾಂಕಿನಲ್ಲಿ ಅಕೌಂಟ್ ಮಾಡಿಸಿರುತ್ತಾರೆ. ಅದೇ ಸಾಕು, ಬೆಂಗಳೂರಿಗೆ ಬಂದ ತಕ್ಷಣ ಹೊಸದು ಬೇಕಾಗಿಲ್ಲ. ಆದರೆ ಆ ಪಾಸ್‌ಬುಕ್ ಹಳೆಯದಾಗಿದ್ದರೆ ಒಂದು ವಿಷಯ ಗಮನಿಸಿ. ವಿಜಯಾ ಬ್ಯಾಂಕ್ 2019ರಲ್ಲಿ ಬ್ಯಾಂಕ್ ಆಫ್ ಬರೋಡಾಕ್ಕೆ ಸೇರಿತು. 2020ರಲ್ಲಿ ಸಿಂಡಿಕೇಟ್ ಬ್ಯಾಂಕ್ ಕೆನರಾಕ್ಕೆ, ಕಾರ್ಪೊರೇಷನ್ ಬ್ಯಾಂಕ್ ಯೂನಿಯನ್ ಬ್ಯಾಂಕಿಗೆ ಸೇರಿದವು. 2025ರ ಮೇನಲ್ಲಿ ರಾಜ್ಯದ ಎರಡು ಗ್ರಾಮೀಣ ಬ್ಯಾಂಕ್‌ಗಳು ಸೇರಿ ಒಂದೇ ಕರ್ನಾಟಕ ಗ್ರಾಮೀಣ ಬ್ಯಾಂಕ್ ಆಯಿತು. ಹೀಗೆ ಬ್ಯಾಂಕ್ ಸೇರಿಹೋದಾಗ ಬ್ರಾಂಚನ್ನು ಗುರುತಿಸುವ ಐಎಫ್‌ಎಸ್‌ಸಿ ಕೋಡ್ ಬದಲಾಗುತ್ತದೆ, ಕೆಲವು ಕಡೆ ಅಕೌಂಟ್ ನಂಬರೂ ಬದಲಾಗಿದೆ. ಹಳೇ ಪಾಸ್‌ಬುಕ್ ನೋಡಿ ಅರ್ಜಿ ತುಂಬಿದರೆ ಮುಂದೆ ತೊಂದರೆ ತಪ್ಪಿದ್ದಲ್ಲ. ಊರಿಗೆ ಹೋದಾಗ ಬ್ರಾಂಚಿಗೆ ಹೋಗಿ ಹೊಸ ಪಾಸ್‌ಬುಕ್ ಮಾಡಿಸಿ, ಎಂಟ್ರಿ ಹಾಕಿಸಿಕೊಳ್ಳಿ.

ಎರಡು ವರ್ಷ ನೀವಾಗಿ ವ್ಯವಹಾರ ಮಾಡದೇ ಬಿಟ್ಟ ಅಕೌಂಟನ್ನು ಬ್ಯಾಂಕ್ ನಿಷ್ಕ್ರಿಯ ಅಂತ ಗುರುತು ಮಾಡುತ್ತದೆ. ಆಧಾರ್, ಫೋಟೊ ಕೊಟ್ಟು ಕೆವೈಸಿ (ಗುರುತಿನ ಪರಿಶೀಲನೆ) ಮಾಡಿಸಿದರೆ ಮತ್ತೆ ಚಾಲೂ ಆಗುತ್ತದೆ. ಇದಕ್ಕೆ ದುಡ್ಡು ಕೇಳುವಂತಿಲ್ಲ.

ಹೊಸ ಅಕೌಂಟ್ ಬೇಕೇ ಬೇಕು ಅಂದರೆ ಕೌಂಟರಿನಲ್ಲಿ ಬಾಯಿಬಿಟ್ಟು ಹೇಳಿ: ‘ಸರ್, ಬೇಸಿಕ್ ಸೇವಿಂಗ್ಸ್ ಅಕೌಂಟ್ ಬೇಕು, ಮಿನಿಮಮ್ ಬ್ಯಾಲೆನ್ಸ್ ಇಲ್ಲದ್ದು.’ ಇದನ್ನು ಕೊಡಲು ಎಲ್ಲ ಬ್ಯಾಂಕ್‌ಗಳಿಗೂ ರಿಸರ್ವ್ ಬ್ಯಾಂಕ್ ಹೇಳಿದೆ. ಕೇಳದಿದ್ದರೆ ಕೆಲವು ಬ್ಯಾಂಕ್‌ಗಳಲ್ಲಿ ಸಾವಿರಾರು ರೂಪಾಯಿ ಬ್ಯಾಲೆನ್ಸ್ ಇಡಬೇಕಾದ ಅಕೌಂಟನ್ನೇ ಮುಂದಿಡುತ್ತಾರೆ. ಬೆಂಗಳೂರಿನಲ್ಲೇ ಮುಖ್ಯ ಕಚೇರಿ ಇರುವ ಕೆನರಾ ಬ್ಯಾಂಕ್ 2025ರ ಜೂನ್‌ನಿಂದ ಯಾವ ಉಳಿತಾಯ ಖಾತೆಗೂ ಮಿನಿಮಮ್ ಬ್ಯಾಲೆನ್ಸ್ ದಂಡ ಬೇಡ ಅಂತ ಮಾಡಿದೆ. ಆಧಾರ್‌ನಲ್ಲಿ ಊರಿನ ವಿಳಾಸ ಇದೆ ಅಂತ ಹಿಂಜರಿಯಬೇಡಿ. ಈಗಿನ ವಿಳಾಸ ಬೇರೆ ಇದ್ದರೆ ನೀವೇ ಬರೆದುಕೊಟ್ಟ ಘೋಷಣೆ ಸಾಕು.

ಫೋನ್ ನಂಬರಿನ ವಿಷಯಕ್ಕೆ ಬರೋಣ. ಅಕೌಂಟಿಗೆ ಅಣ್ಣನದೋ ಚಿಕ್ಕಪ್ಪನದೋ ನಂಬರ್ ಕೊಟ್ಟಿರುತ್ತಾರೆ. ಇಲ್ಲವೇ ನೀವೇ ಹಳೇ ಸಿಮ್ ಬಿಸಾಕಿರುತ್ತೀರಿ. ರೀಚಾರ್ಜ್ ಇಲ್ಲದೆ ಬಿಟ್ಟ ನಂಬರ್ ಕೆಲವು ತಿಂಗಳಾದ ಮೇಲೆ ಇನ್ಯಾರದೋ ಕೈಗೆ ಹೋಗುತ್ತದೆ. ನಿಮ್ಮ ಒಟಿಪಿ ಅವರಿಗೆ ಹೋಗುವ ಪರಿಸ್ಥಿತಿ ಬೇಕಾ? ಬ್ಯಾಂಕಿಗೂ ಆಧಾರ್‌ಗೂ ಒಂದೇ ನಂಬರ್ ಇರಲಿ, ಅದು ನಿಮ್ಮ ಕೈಯಲ್ಲಿರುವ ಸಿಮ್ ಆಗಿರಲಿ.

2. ಆಧಾರ್ ಲಿಂಕ್ ಆದರೆ ಸಾಲದು, ಸೀಡಿಂಗ್ ಆಗಿರಬೇಕು

ಇಲ್ಲಿ ಸ್ವಲ್ಪ ನಿಧಾನವಾಗಿ ಓದಿ. ಸ್ಕಾಲರ್‌ಶಿಪ್ ನಿಂತುಹೋಗುವ ದೊಡ್ಡ ಕಾರಣಗಳಲ್ಲಿ ಇದೂ ಒಂದು.

ಕಾಲೇಜು ಆಫೀಸಿನ ಕಿಟಕಿ ಮುಂದೆ ಕೇಳಿಬರುವ ಮಾತು ಇದು. ‘ಮೇಡಂ, ನನ್ನ ಅಕೌಂಟಿಗೆ ಆಧಾರ್ ಲಿಂಕ್ ಆಗಿದೆ. ಆದರೂ ದುಡ್ಡು ಬಂದಿಲ್ಲ.’ ಒಳಗಿಂದ ಉತ್ತರ: ‘ಮ್ಯಾಪ್ ಆಗಿಲ್ಲಮ್ಮ, ಬ್ಯಾಂಕಿಗೆ ಹೋಗು.’ ಬ್ಯಾಂಕಿಗೆ ಹೋದರೆ ‘ಲಿಂಕ್ ಆಗಿದೆಯಲ್ಲ’ ಅನ್ನುತ್ತಾರೆ. ಇಬ್ಬರೂ ಹೇಳುತ್ತಿರುವುದು ನಿಜವೇ.

ಅಕೌಂಟ್ ತೆರೆಯುವಾಗ ಗುರುತಿಗಾಗಿ ಆಧಾರ್ ಕೊಡುವುದು ಒಂದು. ಸರ್ಕಾರದ ದುಡ್ಡು ಈ ಅಕೌಂಟಿಗೇ ಬರಲಿ ಅಂತ ಒಪ್ಪಿಗೆ ಕೊಟ್ಟು ಎನ್‌ಪಿಸಿಐ (ಯುಪಿಐ ನಡೆಸುವ ರಾಷ್ಟ್ರೀಯ ಪಾವತಿ ನಿಗಮ) ಪಟ್ಟಿಗೆ ಸೇರಿಸುವುದು ಇನ್ನೊಂದು. ಎರಡನೆಯದಕ್ಕೇ ಆಧಾರ್ ಸೀಡಿಂಗ್ ಅಥವಾ ಮ್ಯಾಪ್ ಮಾಡುವುದು ಅನ್ನುವುದು. ಆ ಪಟ್ಟಿಯಲ್ಲಿ ಒಂದು ಆಧಾರ್‌ಗೆ ಒಂದೇ ಬ್ಯಾಂಕ್ ಇರುತ್ತದೆ. ಕೊನೆಗೆ ಯಾವ ಬ್ಯಾಂಕ್ ಸೇರಿಸಿತೋ ದುಡ್ಡು ಅಲ್ಲಿಗೇ ಹೋಗುತ್ತದೆ. ಅರ್ಜಿಯಲ್ಲಿ ನೀವು ಬೇರೆ ಅಕೌಂಟ್ ನಂಬರ್ ಬರೆದಿದ್ದರೂ ಅಷ್ಟೇ.

ಮೊಬೈಲ್ ಅಂಗಡಿಯಲ್ಲಿ ಸಿಮ್ ತಗೊಳ್ಳುವಾಗ ಹೆಬ್ಬೆಟ್ಟು ಒತ್ತಿ ಯಾವುದೋ ಪೇಮೆಂಟ್ಸ್ ಬ್ಯಾಂಕ್ ಅಕೌಂಟ್ ತೆರೆದುಕೊಂಡಿದ್ದರೆ, ಸ್ಕಾಲರ್‌ಶಿಪ್ ಅಲ್ಲಿ ಹೋಗಿ ಕೂತಿರಬಹುದು. 2017ರಲ್ಲಿ ದೇಶದಲ್ಲಿ ಎಷ್ಟೋ ಜನರ ಗ್ಯಾಸ್ ಸಬ್ಸಿಡಿ ಹೀಗೆಯೇ ಅವರಿಗೇ ಗೊತ್ತಿಲ್ಲದ ಅಕೌಂಟ್‌ಗಳಿಗೆ ಬಿದ್ದು ದೊಡ್ಡ ಗಲಾಟೆ ಆಗಿತ್ತು.

ಪರೀಕ್ಷಿಸುವುದು ಸುಲಭ. ಮೈಆಧಾರ್ ವೆಬ್‌ಸೈಟಿಗೆ ಹೋಗಿ ಆಧಾರ್ ನಂಬರ್, ಒಟಿಪಿ ಹಾಕಿ ಒಳಗೆ ಹೋಗಿ. ‘ಬ್ಯಾಂಕ್ ಸೀಡಿಂಗ್ ಸ್ಟೇಟಸ್’ ಒತ್ತಿ. ಬ್ಯಾಂಕಿನ ಹೆಸರು, ‘ಆ್ಯಕ್ಟಿವ್’ ಅಂತ ಕಾಣಬೇಕು. ಬೇರೆ ಬ್ಯಾಂಕ್ ತೋರಿಸಿದರೆ ಅಥವಾ ‘ಇನ್‌ಆ್ಯಕ್ಟಿವ್’ ಇದ್ದರೆ, ನಿಮಗೆ ಬೇಕಾದ ಬ್ಯಾಂಕಿಗೆ ಹೋಗಿ ‘ಡಿಬಿಟಿಗೆ ಆಧಾರ್ ಸೀಡಿಂಗ್ ಮಾಡಿಕೊಡಿ’ ಅಂತ ಫಾರ್ಮ್ ಕೇಳಿ ತುಂಬಿಕೊಡಿ. ಡಿಬಿಟಿ ಅಂದರೆ ಸರ್ಕಾರದ ದುಡ್ಡು ನೇರವಾಗಿ ಅಕೌಂಟಿಗೆ ಬರುವುದು. ಬರೀ ‘ಲಿಂಕ್ ಮಾಡಿ’ ಅನ್ನಬೇಡಿ. ಕೆಲವು ದಿನ ಬಿಟ್ಟು ಮತ್ತೆ ನೋಡಿ ಖಾತ್ರಿ ಮಾಡಿಕೊಳ್ಳಿ. ಸೆಮಿಸ್ಟರ್ ಶುರುವಿನಲ್ಲೇ ಇದನ್ನು ಮುಗಿಸಿಬಿಡಿ.

3. ಈಗ ಯುಪಿಐ

ಆ್ಯಪ್ ಯಾವುದಾದರೂ ಆಗಲಿ, ಒಳಗಿನ ವ್ಯವಸ್ಥೆ ಒಂದೇ. ಹೊಂದಿಸುವಾಗ ಬ್ಯಾಂಕಿಗೆ ಕೊಟ್ಟ ಸಿಮ್ ಅದೇ ಫೋನಿನಲ್ಲಿರಬೇಕು. ಆ ಸಿಮ್‌ನಿಂದ ಒಂದು ಎಸ್‌ಎಂಎಸ್ ತಾನಾಗಿ ಹೋಗುತ್ತದೆ. ರೀಚಾರ್ಜ್ ಮುಗಿದಿದ್ದರೆ ಆ ಎಸ್‌ಎಂಎಸ್ ಹೋಗುವುದಿಲ್ಲ, ನೀವು ಮಾತ್ರ ಆ್ಯಪ್ ಸರಿಯಿಲ್ಲ ಅಂತ ಸುಮ್ನೆ ಒದ್ದಾಡುತ್ತೀರಿ. ಪಿನ್ ಹಾಕಿಕೊಳ್ಳಲು ಎಟಿಎಂ ಕಾರ್ಡ್ ಇರಲೇಬೇಕು ಅಂತಿಲ್ಲ, ಆಧಾರ್ ಒಟಿಪಿ ಮೂಲಕವೂ ಆಗುತ್ತದೆ.

ಹೊಸದಾಗಿ ನೋಂದಾಯಿಸಿದಾಗ ಅಥವಾ ಫೋನ್ ಬದಲಿಸಿದಾಗ ಮೊದಲ 24 ಗಂಟೆ ಕಳಿಸಲು ಆಗುವುದು 5,000 ರೂಪಾಯಿ ಮಾತ್ರ. ಹೊಸ ಫೋನ್ ತಗೊಂಡ ದಿನವೇ ಫೀಸ್ ಕಟ್ಟುತ್ತೇನೆ ಅಂದುಕೊಂಡರೆ ಆಗದು. ಆಮೇಲೆ ಸಾಮಾನ್ಯವಾಗಿ ದಿನಕ್ಕೆ ಒಂದು ಲಕ್ಷದವರೆಗೆ ಕಳಿಸಬಹುದು. ಕಾಲೇಜು ಫೀಸಿನಂಥ ಶಿಕ್ಷಣದ ಪಾವತಿಗೆ ಈ ಮಿತಿ 5 ಲಕ್ಷ.

ಚಿಲ್ಲರೆ ಖರ್ಚಿಗೆ ಯುಪಿಐ ಲೈಟ್ ಹಾಕಿಕೊಳ್ಳಿ, ಅದು ಆ್ಯಪ್ ಒಳಗಿನ ಸಣ್ಣ ಪರ್ಸ್ ಇದ್ದ ಹಾಗೆ. ಅದರಲ್ಲಿ 5,000ದವರೆಗೆ ಇಟ್ಟುಕೊಳ್ಳಬಹುದು, ಒಂದು ಸಲಕ್ಕೆ 1,000ದವರೆಗೆ ಪಿನ್ ಇಲ್ಲದೆ ಕೊಡಬಹುದು. ನನಗೆ ಇದು ಇಷ್ಟವಾಗುವುದು ಬೇರೆ ಕಾರಣಕ್ಕೆ. ಸೋಮವಾರ ಸಾವಿರ ರೂಪಾಯಿ ಹಾಕಿಕೊಂಡು ಅದರಲ್ಲೇ ವಾರ ತೂಗಿಸುತ್ತೇನೆ ಅಂತ ಇಟ್ಟುಕೊಂಡರೆ, ಟೀ ತಿಂಡಿಗೆ ಎಷ್ಟು ಹೋಗುತ್ತಿದೆ ಅಂತ ಕಣ್ಣಿಗೆ ಕಾಣುತ್ತದೆ. ಪಾಸ್‌ಬುಕ್ಕಿನ ತುಂಬಾ ಹತ್ತು ಇಪ್ಪತ್ತರ ಎಂಟ್ರಿಗಳೂ ಇರುವುದಿಲ್ಲ. ಫೋನಿನ ಲಾಕ್ ಮಾತ್ರ ಬಿಗಿಯಾಗಿರಲಿ, ಯಾಕಂದರೆ ಈ ದುಡ್ಡಿಗೆ ಪಿನ್ ಕಾವಲಿಲ್ಲ.

ನೆಟ್ ಇಲ್ಲದ ಕೀಪ್ಯಾಡ್ ಫೋನಿದ್ದರೂ *99# ಒತ್ತಿ ಕಳಿಸಬಹುದು. ಊರಿನಲ್ಲಿರುವ ಅಪ್ಪನಿಗೆ ಇದನ್ನು ಕಲಿಸಿಕೊಟ್ಟರೆ ನಿಮಗೆ ದುಡ್ಡು ಹಾಕಲು ಅವರು ಪಕ್ಕದ ಮನೆಯವರನ್ನು ಕೇಳಬೇಕಾಗಿಲ್ಲ. 2024ರಲ್ಲಿ ಬಂದ ಯುಪಿಐ ಸರ್ಕಲ್ ಕೂಡ ಮನೆಯವರಿಗೆ ಒಳ್ಳೆಯದು. ಅಮ್ಮನ ಅಕೌಂಟಿನಿಂದ ನೀವು ಖರ್ಚು ಮಾಡಬಹುದು, ಎಷ್ಟು ಅಂತ ಮಿತಿ ಹಾಕುವುದು ಅಮ್ಮ. ತಿಂಗಳಿಗೆ ಹೆಚ್ಚೆಂದರೆ 15,000, ಒಂದು ಸಲಕ್ಕೆ 5,000. ಇದರಲ್ಲಿ ಅಮ್ಮನ ಪಿನ್ ನಿಮಗೆ ಹೇಳಬೇಕಾಗಿಲ್ಲ.

ಜೇಬಿನಲ್ಲಿ ಇನ್ನೂರು ಮುನ್ನೂರು ರೂಪಾಯಿ ನೋಟು ಇಟ್ಟುಕೊಂಡಿರಿ. 2025ರ ಜುಲೈನಲ್ಲಿ ಯುಪಿಐ ಲೆಕ್ಕ ನೋಡಿ ಸಣ್ಣ ವ್ಯಾಪಾರಿಗಳಿಗೆ ಜಿಎಸ್‌ಟಿ ನೋಟಿಸ್ ಬಂದಾಗ ಬೆಂಗಳೂರಿನ ಎಷ್ಟೋ ಬೇಕರಿ, ಕಾಂಡಿಮೆಂಟ್ಸ್, ತರಕಾರಿ ಅಂಗಡಿಗಳಲ್ಲಿ ಕ್ಯೂಆರ್ ಕೋಡ್ ತೆಗೆದು ‘ಕ್ಯಾಶ್ ಮಾತ್ರ’ ಅಂತ ಚೀಟಿ ಅಂಟಿಸಿದ್ದರು. ಆ ದಿನಗಳಲ್ಲಿ ನೋಟಿಲ್ಲದವರು ಎಟಿಎಂ ಹುಡುಕಿಕೊಂಡು ಅಲೆಯಬೇಕಾಯಿತು. ಬ್ಯಾಂಕಿನ ಸರ್ವರ್ ಡೌನ್ ಆದ ದಿನವೂ ಇದೇ ಕಥೆ.

4. ದುಡ್ಡು ಕಟ್ ಆಯಿತು, ಆದರೆ ತಲುಪಲಿಲ್ಲ

ಪರೀಕ್ಷಾ ಶುಲ್ಕದ ಸಮಯದಲ್ಲಿ ವಿಶ್ವವಿದ್ಯಾಲಯದ ಆನ್‌ಲೈನ್ ಪೋರ್ಟಲ್ ಆದ ಯುಯುಸಿಎಂಎಸ್ ಮುಂದೆ ಎಲ್ಲರೂ ಒಟ್ಟಿಗೆ ಕೂತಾಗ ಹೀಗಾಗುವುದುಂಟು. ಅಕೌಂಟಿನಿಂದ ಹೋಗಿದೆ, ಪೋರ್ಟಲ್‌ನಲ್ಲಿ ಬಾಕಿ ಅಂತ ತೋರಿಸುತ್ತಿದೆ. ಗಾಬರಿಯಲ್ಲಿ ತಕ್ಷಣ ಎರಡನೇ ಸಲ ಕಟ್ಟಬೇಡಿ. ಮೊದಲು ಆ್ಯಪ್‌ನ ಹಿಸ್ಟರಿ ತೆಗೆದು ಆ ವ್ಯವಹಾರದ ಗುರುತಾದ 12 ಅಂಕಿಯ ಯುಟಿಆರ್ ನಂಬರ್ ಬರೆದಿಟ್ಟುಕೊಳ್ಳಿ, ಸ್ಕ್ರೀನ್‌ಶಾಟ್ ತೆಗೆಯಿರಿ. ಸ್ವಲ್ಪ ಹೊತ್ತು ಬಿಟ್ಟು ಪೋರ್ಟಲ್‌ನಲ್ಲಿ ಮತ್ತೆ ನೋಡಿ. ಕೊನೆಯ ದಿನವಾಗಿದ್ದರೆ ಅದೇ ಸ್ಕ್ರೀನ್‌ಶಾಟ್ ಹಿಡಿದು ಕಾಲೇಜಿನ ಪರೀಕ್ಷಾ ವಿಭಾಗಕ್ಕೆ ಹೋಗಿ ಲಿಖಿತವಾಗಿ ತಿಳಿಸಿ.

ರಿಸರ್ವ್ ಬ್ಯಾಂಕಿನ 2019ರ ನಿಯಮ ನಿಮ್ಮ ಪರವಾಗಿದೆ. ವ್ಯಕ್ತಿಗೆ ಕಳಿಸಿದ ದುಡ್ಡು ತಲುಪದಿದ್ದರೆ ಮರುದಿನದೊಳಗೆ ವಾಪಸ್ ಬರಬೇಕು. ಅಂಗಡಿಗೋ ಸಂಸ್ಥೆಗೋ ಕಳಿಸಿದ್ದಾದರೆ ಐದು ದಿನದೊಳಗೆ. ತಡವಾದರೆ ದಿನಕ್ಕೆ 100 ರೂಪಾಯಿಯಂತೆ ಬ್ಯಾಂಕ್ ಪರಿಹಾರ ಕೊಡಬೇಕು. ಆ್ಯಪ್‌ನಲ್ಲೇ ಆ ವ್ಯವಹಾರ ಒತ್ತಿ ದೂರು ಹಾಕಿ, ಬ್ಯಾಂಕಿಗೂ ಬರೆಯಿರಿ. 30 ದಿನದಲ್ಲಿ ಉತ್ತರ ಬರದಿದ್ದರೆ ಅಥವಾ ಉತ್ತರ ಸರಿಯಿಲ್ಲದಿದ್ದರೆ ರಿಸರ್ವ್ ಬ್ಯಾಂಕಿನ ಓಂಬುಡ್ಸ್‌ಮನ್‌ಗೆ (ದೂರು ವಿಚಾರಿಸುವ ಅಧಿಕಾರಿ) ಆನ್‌ಲೈನ್‌ನಲ್ಲಿ ದೂರು ಕೊಡಬಹುದು, ಖರ್ಚಿಲ್ಲ. ಮಾಹಿತಿಗೆ 14448ಕ್ಕೆ ಫೋನ್ ಮಾಡಿ. ಕಸ್ಟಮರ್ ಕೇರ್ ನಂಬರನ್ನು ಮಾತ್ರ ಗೂಗಲ್‌ನಲ್ಲಿ ಹುಡುಕಬೇಡಿ, ಅಲ್ಲಿ ಕಳ್ಳರ ನಂಬರ್‌ಗಳೂ ಇರುತ್ತವೆ. ಕಾರ್ಡಿನ ಹಿಂದೆ ಅಥವಾ ಪಾಸ್‌ಬುಕ್ಕಿನಲ್ಲಿ ಇರುವುದೇ ಸರಿ.

5. ನಿಮಗೆ ಬರಬೇಕಾದ ದುಡ್ಡು ಕೇಳಿ ಪಡೆಯಿರಿ

ಸಾಲದ ಯೋಚನೆಗೆ ಮೊದಲು ಇದು. ರಾಜ್ಯದ ಸ್ಕಾಲರ್‌ಶಿಪ್‌ಗಳಿಗೆಲ್ಲ ಹೆಚ್ಚುಕಡಿಮೆ ಒಂದೇ ಬಾಗಿಲು, ಎಸ್‌ಎಸ್‌ಪಿ (ರಾಜ್ಯ ವಿದ್ಯಾರ್ಥಿವೇತನ) ಪೋರ್ಟಲ್. ನಾಡಕಚೇರಿಯಿಂದ ಪಡೆದ ಜಾತಿ, ಆದಾಯ ಪ್ರಮಾಣಪತ್ರದ ಆರ್‌ಡಿ ನಂಬರ್ ಕೈಯಲ್ಲಿರಲಿ. ದಾಖಲೆಗಳಿಗೆ ಕಾಲೇಜಿನಲ್ಲೇ ಇ-ದೃಢೀಕರಣ ಮಾಡಿಸಬೇಕು. ಆಧಾರ್‌ನಲ್ಲಿರುವ ಹೆಸರೂ ಎಸ್ಸೆಸ್ಸೆಲ್ಸಿ ಮಾರ್ಕ್ಸ್ ಕಾರ್ಡಿನ ಹೆಸರೂ ಒಂದೇ ಥರ ಇರಬೇಕು. ಇನಿಷಿಯಲ್ ಹಿಂದೆ ಮುಂದೆ ಆಗಿದ್ದಕ್ಕೇ ಅರ್ಜಿ ಸಿಕ್ಕಿಹಾಕಿಕೊಳ್ಳುವುದುಂಟು.

ಹಾಸ್ಟೆಲ್ ಸಿಗದ ಹಿಂದುಳಿದ ವರ್ಗದ ವಿದ್ಯಾರ್ಥಿಗಳಿಗೆ ವಿದ್ಯಾಸಿರಿ ಇದೆ, ಊಟ ವಸತಿಗೆ ತಿಂಗಳಿಗೆ 1,500ರಂತೆ ಹತ್ತು ತಿಂಗಳು. ಪಿಜಿ ಬಾಡಿಗೆ ಪೂರ್ತಿ ಬರುವುದಿಲ್ಲ ನಿಜ, ಆದರೂ ವರ್ಷಕ್ಕೆ 15,000 ಸಣ್ಣ ಮೊತ್ತವಲ್ಲ. ರೈತರ ಮಕ್ಕಳಿಗೆ 2021ರಲ್ಲಿ ಶುರುವಾದ ರೈತ ವಿದ್ಯಾನಿಧಿ: ಸಾಮಾನ್ಯ ಡಿಗ್ರಿ ಓದುವ ಹುಡುಗರಿಗೆ 5,000, ಹುಡುಗಿಯರಿಗೆ 5,500, ಎಂ.ಎ., ಎಂ.ಎಸ್ಸಿ.ಯಂಥ ಸ್ನಾತಕೋತ್ತರಕ್ಕೆ 10,000 ಮತ್ತು 11,000. ಇದಕ್ಕೆ ಅಪ್ಪ ಅಥವಾ ಅಮ್ಮನ ಹೆಸರಿನಲ್ಲಿ ಫ್ರೂಟ್ಸ್ ಐಡಿ, ಅಂದರೆ ರೈತರ ನೋಂದಣಿ ಸಂಖ್ಯೆ, ಇರಬೇಕು. ಇಲ್ಲದಿದ್ದರೆ ರೈತ ಸಂಪರ್ಕ ಕೇಂದ್ರದಲ್ಲಿ ಮಾಡಿಸಲು ಮನೆಗೆ ಈಗಲೇ ಹೇಳಿ.

ಪಿಯುಸಿಯಲ್ಲಿ ಚೆನ್ನಾಗಿ ಅಂಕ ಬಂದಿದ್ದರೆ ಕೇಂದ್ರದ ಎನ್‌ಎಸ್‌ಪಿ (ರಾಷ್ಟ್ರೀಯ ವಿದ್ಯಾರ್ಥಿವೇತನ) ಪೋರ್ಟಲ್ ಕೂಡ ನೋಡಿ. ನಿಮ್ಮ ಬೋರ್ಡಿನಲ್ಲಿ ಹೆಚ್ಚು ಅಂಕ ಪಡೆದ ಮೇಲಿನ ಶೇ 20 ಜನರೊಳಗಿದ್ದು, ಮನೆಯ ಆದಾಯ ವರ್ಷಕ್ಕೆ 4.5 ಲಕ್ಷದೊಳಗಿದ್ದರೆ ಸೆಂಟ್ರಲ್ ಸೆಕ್ಟರ್ ಸ್ಕಾಲರ್‌ಶಿಪ್‌ಗೆ ಅರ್ಜಿ ಹಾಕಬಹುದು. ಡಿಗ್ರಿಗೆ ವರ್ಷಕ್ಕೆ 12,000. ಪ್ರತಿ ವರ್ಷ ರಿನ್ಯೂವಲ್ ಮಾಡಬೇಕು. ಮೊದಲ ವರ್ಷ ಪಡೆದು ಎರಡನೇ ವರ್ಷ ಮರೆತುಬಿಡುವವರನ್ನು ನೋಡಿದರೆ ಬೇಜಾರಾಗುತ್ತದೆ.

6. ಸಾಲ ಬೇಕೇ ಬೇಕು ಅಂದಾಗ

ಬ್ಯಾಂಕಿನ ಎಜುಕೇಶನ್ ಲೋನ್ ಶ್ರೀಮಂತರಿಗೆ, ಫಾರಿನ್‌ಗೆ ಹೋಗುವವರಿಗೆ ಅನ್ನುವ ಭಾವನೆ ಇದೆ. ಹಾಗಿಲ್ಲ. ಬ್ಯಾಂಕ್‌ಗಳ ಮಾದರಿ ಯೋಜನೆಯಲ್ಲಿ 4 ಲಕ್ಷದವರೆಗೆ ಆಸ್ತಿ ಅಡ ಇಡಬೇಕಾಗಿಲ್ಲ. ಓದು ಮುಗಿದು ಒಂದು ವರ್ಷದವರೆಗೆ ಕಂತು ಶುರುವಾಗುವುದಿಲ್ಲ. ಫೀಸ್ ಮಾತ್ರವಲ್ಲ, ಹಾಸ್ಟೆಲ್, ಪುಸ್ತಕ, ಲ್ಯಾಪ್‌ಟಾಪ್ ಖರ್ಚನ್ನೂ ಸೇರಿಸಿ ಕೇಳಬಹುದು. 2024ರ ನವೆಂಬರ್‌ನಲ್ಲಿ ಒಪ್ಪಿಗೆಯಾದ ಪಿಎಂ ವಿದ್ಯಾಲಕ್ಷ್ಮಿಯಲ್ಲಿ, ಸರ್ಕಾರ ಗುರುತಿಸಿದ ಕಾಲೇಜುಗಳಿಗೆ ಸೇರಿದವರಿಗೆ ಅಡಮಾನವೂ ಬೇಡ, ಜಾಮೀನೂ ಬೇಡ. ಮನೆಯ ಆದಾಯ 8 ಲಕ್ಷದೊಳಗಿದ್ದರೆ 10 ಲಕ್ಷದವರೆಗಿನ ಸಾಲಕ್ಕೆ ಓದುವ ಕಾಲದ ಬಡ್ಡಿಯಲ್ಲಿ ಶೇ 3ರಷ್ಟು ಸರ್ಕಾರ ಕಟ್ಟುತ್ತದೆ. ನಿಮ್ಮ ಕಾಲೇಜು ಪಟ್ಟಿಯಲ್ಲಿದೆಯಾ ಅಂತ ಅದರ ಪೋರ್ಟಲ್‌ನಲ್ಲೇ ನೋಡಿ. ರಾಜ್ಯದ ನಿಗಮಗಳು ಕೊಡುವ ಅರಿವು ಸಾಲವನ್ನೂ ವಿಚಾರಿಸಿ, ಅದರ ಬಡ್ಡಿ ತುಂಬಾ ಕಡಿಮೆ.

ಸಣ್ಣ ತುರ್ತಿಗೆ, ಅಂದರೆ ಎರಡು ಮೂರು ಸಾವಿರಕ್ಕೆ, ಮೊದಲು ಕಾಲೇಜಿನಲ್ಲೇ ಕೇಳಿ. ಪ್ರಿನ್ಸಿಪಾಲರಿಗೆ ಪತ್ರ ಬರೆದು ಎರಡು ಕಂತು ಕೇಳುವುದರಲ್ಲಿ ನಾಚಿಕೆ ಪಡುವಂಥದ್ದೇನೂ ಇಲ್ಲ. ಅಧ್ಯಾಪಕರೇ ಮುಂದೆ ನಿಂತು ಸಹಾಯ ಮಾಡಿದ್ದನ್ನು ಕಂಡಿದ್ದೇನೆ.

ಲೋನ್ ಆ್ಯಪ್‌ಗೆ ಹೋಗಲೇಬೇಕಾದರೆ ಇವನ್ನು ನೋಡಿ. ಸಾಲ ಕೊಡುವ ಬ್ಯಾಂಕ್ ಅಥವಾ ಎನ್‌ಬಿಎಫ್‌ಸಿ (ಬ್ಯಾಂಕೇತರ ಹಣಕಾಸು ಕಂಪನಿ) ಹೆಸರು ಸ್ಪಷ್ಟವಾಗಿರಬೇಕು. ಸಹಿ ಮಾಡುವ ಮೊದಲೇ ಕೀ ಫ್ಯಾಕ್ಟ್ ಸ್ಟೇಟ್‌ಮೆಂಟ್ ಅನ್ನುವ ಹಾಳೆ ಕೊಡಬೇಕು, ಅದರಲ್ಲಿ ಎಲ್ಲ ಶುಲ್ಕವೂ ಸೇರಿದ ವರ್ಷದ ಬಡ್ಡಿ ಇರಬೇಕು. ದುಡ್ಡು ನೇರವಾಗಿ ನಿಮ್ಮ ಅಕೌಂಟಿಗೇ ಬರಬೇಕು. ಸಾಲ ಬೇಡ ಅಂತ ಹಿಂತಿರುಗಿಸಲು ಕನಿಷ್ಠ ಒಂದು ದಿನದ ಅವಕಾಶ ಇರಬೇಕು. ಕಾಂಟ್ಯಾಕ್ಟ್, ಫೋಟೊ, ಕಾಲ್ ಲಿಸ್ಟ್ ಕೇಳುವಂತಿಲ್ಲ. ಇವೆಲ್ಲ ರಿಸರ್ವ್ ಬ್ಯಾಂಕಿನ ನಿಯಮ. ಕಾನೂನುಬದ್ಧ ಆ್ಯಪ್‌ಗಳ ಪಟ್ಟಿ 2025ರ ಜುಲೈನಿಂದ ಅದರ ವೆಬ್‌ಸೈಟಿನಲ್ಲೇ ಇದೆ. ಕಾಂಟ್ಯಾಕ್ಟ್ ಕೇಳಿದ ಕ್ಷಣವೇ ಆ ಆ್ಯಪ್ ತೆಗೆದುಹಾಕಿ. ನಾಳೆ ಅದೇ ಪಟ್ಟಿ ಹಿಡಿದು ನಿಮ್ಮ ಅತ್ತೆ ಮಾವಂದಿರಿಗೆಲ್ಲ ಫೋನ್ ಮಾಡಿ ಮರ್ಯಾದೆ ತೆಗೆಯುತ್ತಾರೆ. ಹಾಗೆ ಕಿರುಕುಳ ಕೊಟ್ಟರೆ ಪೊಲೀಸರಿಗೆ ದೂರು ಕೊಡಿ. ಬಲವಂತದ ಸಾಲ ವಸೂಲಿ ತಡೆಯಲು ರಾಜ್ಯ ಸರ್ಕಾರ 2025ರ ಫೆಬ್ರವರಿಯಲ್ಲಿ ಸುಗ್ರೀವಾಜ್ಞೆಯನ್ನೂ ತಂದಿತು.

ಕಟ್ಟದೇ ಬಿಟ್ಟ ಚಿಕ್ಕ ಸಾಲವೂ ಕ್ರೆಡಿಟ್ ರಿಪೋರ್ಟಿನಲ್ಲಿ ಕೂರುತ್ತದೆ. ನಾಳೆ ಎಜುಕೇಶನ್ ಲೋನ್ ಕೇಳಿದಾಗ ಬ್ಯಾಂಕ್ ನೋಡುವುದು ಅದನ್ನೇ. ವರ್ಷಕ್ಕೊಮ್ಮೆ ಆ ರಿಪೋರ್ಟ್ ಉಚಿತವಾಗಿ ಸಿಗುತ್ತದೆ, ತೆಗೆದು ನೋಡಿ.

7. ಅಕೌಂಟ್ ಬಾಡಿಗೆಗೆ ಕೊಡಬೇಡಿ

ಮೋಸದ ಬಗ್ಗೆ ಎಲ್ಲರೂ ಹೇಳುತ್ತಾರೆ, ಹಾಗಾಗಿ ಬೇಗ ಮುಗಿಸುತ್ತೇನೆ. ದುಡ್ಡು ಪಡೆಯಲು ಪಿನ್ ಬೇಡ; ಪಿನ್ ಹಾಕಿದರೆ ದುಡ್ಡು ಹೋಗುತ್ತದೆ. ವಾಟ್ಸಾಪ್‌ನಲ್ಲಿ ಬರುವ ಎಪಿಕೆ ಫೈಲ್ (ಫೋನಿಗೆ ಆ್ಯಪ್ ಹಾಕುವ ಫೈಲ್) ಒತ್ತಬೇಡಿ, ಅದು ಟ್ರಾಫಿಕ್ ಚಲನ್ ಅಂತ ಬಂದಿದ್ದರೂ ಸರಿ. ಟೆಲಿಗ್ರಾಂನಲ್ಲಿ ರೇಟಿಂಗ್ ಕೊಟ್ಟರೆ ದುಡ್ಡು ಅನ್ನುವ ಪಾರ್ಟ್‌ಟೈಮ್ ಕೆಲಸ ಕೆಲಸವೇ ಅಲ್ಲ. ಪಿಜಿ ನೋಡದೆ ಅಡ್ವಾನ್ಸ್ ಕಳಿಸಬೇಡಿ. ಬ್ಯಾಂಕಿನ ವೆಬ್‌ಸೈಟ್ ವಿಳಾಸ ಈಗ ‘ಡಾಟ್ ಬ್ಯಾಂಕ್ ಡಾಟ್ ಇನ್’ ಅಂತ ಮುಗಿಯುತ್ತದೆ, ನೋಡಿಕೊಳ್ಳಿ.

ಬಿಡಿಸಿ ಹೇಳಲೇಬೇಕಾದ್ದು ಮ್ಯೂಲ್ ಅಕೌಂಟ್, ಅಂದರೆ ಕಳ್ಳರು ಕದ್ದ ದುಡ್ಡು ದಾಟಿಸಲು ಬಳಸುವ ಬೇರೆಯವರ ಅಕೌಂಟ್ ವಿಷಯ. ಇದಕ್ಕೆ ಬೇಗ ಸಿಗುವವರು ವಿದ್ಯಾರ್ಥಿಗಳೇ. ಸೀನಿಯರ್ ಒಬ್ಬನೋ ಪಿಜಿಯಲ್ಲಿ ಪರಿಚಯವಾದವನೋ ಕೇಳುತ್ತಾನೆ: ‘ಮಗಾ, ನನ್ನ ಅಕೌಂಟ್ ಲಿಮಿಟ್ ಆಗಿದೆ. ನಿನ್ನದಕ್ಕೆ ಐವತ್ತು ಸಾವಿರ ಬರುತ್ತೆ, ಡ್ರಾ ಮಾಡಿ ಕೊಡು, ಎರಡು ಸಾವಿರ ನೀನಿಟ್ಕೋ.’ ಇಲ್ಲವೇ ಎಟಿಎಂ ಕಾರ್ಡ್, ಸಿಮ್, ಪಾಸ್‌ಬುಕ್ ಒಟ್ಟಿಗೆ ಕೊಟ್ಟರೆ ತಿಂಗಳಿಗೆ ಇಷ್ಟು ಅನ್ನುತ್ತಾನೆ. ಆ ಐವತ್ತು ಸಾವಿರ ಯಾರದೋ ಮನೆಯಿಂದ ದೋಚಿದ್ದು. ಆ ಮನೆಯವರು ದೂರು ಕೊಟ್ಟಾಗ ಪೊಲೀಸರಿಗೆ ಮೊದಲು ಸಿಗುವ ಹೆಸರು ನಿಮ್ಮದು. ಅಕೌಂಟ್ ಫ್ರೀಜ್ ಆಗುತ್ತದೆ, ಅದರಲ್ಲಿದ್ದ ನಿಮ್ಮ ಸ್ಕಾಲರ್‌ಶಿಪ್ಪೂ ಸಿಕ್ಕಿಕೊಳ್ಳುತ್ತದೆ. ಬೇರೆ ರಾಜ್ಯದಿಂದ ನೋಟಿಸ್ ಬರಬಹುದು, ಕೇಸೂ ಆಗಬಹುದು. ಗೊತ್ತಿಲ್ಲದೆ ಮಾಡಿದೆ ಅಂದರೆ ಬಿಟ್ಟುಬಿಡುವುದಿಲ್ಲ. ಇಂಥ ಅಕೌಂಟ್‌ಗಳನ್ನು ಪತ್ತೆಹಚ್ಚಲೆಂದೇ ನಮ್ಮ ಬೆಂಗಳೂರಿನಲ್ಲಿರುವ ರಿಸರ್ವ್ ಬ್ಯಾಂಕ್ ಇನ್ನೋವೇಶನ್ ಹಬ್ ಮ್ಯೂಲ್‌ಹಂಟರ್ ಅನ್ನುವ ವ್ಯವಸ್ಥೆ ಮಾಡಿದೆ. ‘ನಮ್ಮಪ್ಪ ನನ್ನ ಅಕೌಂಟ್ ನೋಡ್ತಿರ್ತಾರೆ, ಆಗಲ್ಲ’ ಅಂತ ಹೇಳಿ ಜಾರಿಕೊಳ್ಳಿ.

ಪರಿಚಯವಿಲ್ಲದ ದುಡ್ಡು ಅಕೌಂಟಿಗೆ ಬಂದು, ‘ತಪ್ಪಿ ಬಂತು, ಈ ನಂಬರಿಗೆ ವಾಪಸ್ ಹಾಕಿ’ ಅಂತ ಯಾರಾದರೂ ಫೋನ್ ಮಾಡಿದರೆ ನೀವಾಗಿ ಹಾಕಬೇಡಿ. ಬ್ಯಾಂಕಿಗೆ ಬರೆದುಕೊಡಿ, ಬ್ಯಾಂಕ್ ಮೂಲಕವೇ ಹೋಗಲಿ.

ನಿಮ್ಮ ದುಡ್ಡೇ ಹೋದರೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಆ ಕ್ಷಣವೇ ಫೋನ್ ಮಾಡಿ. ಬೆಳಗ್ಗೆ ನೋಡೋಣ ಅನ್ನಬೇಡಿ, ಮೊದಲ ಒಂದೆರಡು ಗಂಟೆಯಲ್ಲಿ ಹೇಳಿದರೆ ದುಡ್ಡು ಮುಂದೆ ಹೋಗುವ ಮೊದಲೇ ತಡೆಯುವ ಸಾಧ್ಯತೆ ಜಾಸ್ತಿ. ಫೋನ್ ಮಾಡುವಾಗ ಅಕೌಂಟ್ ನಂಬರ್, ಯುಟಿಆರ್, ಮೊತ್ತ, ಸಮಯ ಇಟ್ಟುಕೊಂಡಿರಿ. ಅವರು ಕೊಡುವ ದೂರಿನ ಸಂಖ್ಯೆ ಬರೆದುಕೊಂಡು ಬ್ಯಾಂಕಿಗೆ ಹೇಳಿ ಅಕೌಂಟ್ ಬ್ಲಾಕ್ ಮಾಡಿಸಿ. ಆಮೇಲೆ ರಾಷ್ಟ್ರೀಯ ಸೈಬರ್ ಕ್ರೈಂ ಪೋರ್ಟಲ್‌ನಲ್ಲಿ ವಿವರ ತುಂಬಿ, ನಿಮ್ಮ ವಿಭಾಗದ ಸೆನ್ ಠಾಣೆಗೆ (ಸೈಬರ್ ಅಪರಾಧ ನೋಡುವ ಪೊಲೀಸ್ ಠಾಣೆ) ಅದರ ಪ್ರಿಂಟ್ ತಗೊಂಡು ಹೋಗಿ. ಯಾವ ಠಾಣೆ ಅಂತ ಗೊತ್ತಾಗದಿದ್ದರೆ ಹತ್ತಿರದ ಪೊಲೀಸ್ ಠಾಣೆಯಲ್ಲೇ ಕೇಳಿ. ಜೊತೆಗೆ ಒಬ್ಬ ಸ್ನೇಹಿತರನ್ನು ಕರೆದುಕೊಂಡು ಹೋಗಿ, ಮನೆಗೂ ಅದೇ ದಿನ ತಿಳಿಸಿ.